ಎರಡು ಬಗೆಯ ಶಾಯಿ

ನಾನು ತಬಲಾ ಕಲಿಯಲು ಹೋದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಅದೂ ಜಿಪುಣತನದಿಂದ. ಲಾಕ್‌ಡೌನ್ ಮುಗಿದರೂ ಒಂಬತ್ತು ವರ್ಷದ ಮಗ ಮೊಬೈಲು ಕೆಳಗಿಡುತ್ತಿರಲಿಲ್ಲ ಅಂತ ನನ್ನ ಹೆಂಡತಿ ಅವನ ಹೆಸರನ್ನು ಹಿಂದಿನ ಓಣಿಯ ತಬಲಾ ಮಾಸ್ತರರ ಹತ್ತಿರ ಹಚ್ಚಿದ್ದಳು. ಮೂರನೆಯ ದಿನಕ್ಕೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಮೂರು ತಿಂಗಳ ಫೀಸು ಮುಂಗಡ ಕೊಟ್ಟಾಗಿತ್ತು. ವಾಪಸ್ ಕೇಳಲು ನಾಚಿಕೆ, ಬಿಡಲು ಸಂಕಟ. ನಾನೇ ಹೋಗಿ ಕೂತೆ.

ಮಾಸ್ತರರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವರು ಕಲಿತದ್ದು ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾಗುವವರೆಗೂ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ನೂರಾರು ಮಕ್ಕಳ ಕೈಗೆ ಸಂಗೀತ ಕೊಟ್ಟ ಜಾಗ ಅದು. ಆಶ್ರಮದ ಮಕ್ಕಳ ಊಟಕ್ಕೆ ದುಡ್ಡು ಬೇಕಾದಾಗ ಪುಟ್ಟರಾಜರು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದವರು. ವ್ಯವಹಾರದ ಪುಸ್ತಕಗಳಲ್ಲಿ ಈ ಉದಾಹರಣೆ ಯಾಕೆ ಬರುವುದಿಲ್ಲವೋ ನನಗೆ ಗೊತ್ತಿಲ್ಲ.

ಮೊದಲ ದಿನ ಮಾಸ್ತರರು ಕೇಳಿದರು, "ಏನ್ ಉದ್ಯೋಗ ಮಾಡ್ತೀರಿ?"

"ಪ್ರೆಸ್ ಐತ್ರಿ ಮಾಸ್ತರ. ಲಗ್ನಪತ್ರಿಕಿ, ಬಿಲ್‌ಬುಕ್ಕು, ಹ್ಯಾಂಡ್‌ಬಿಲ್ಲು ಮಾಡ್ತೀವ್ರಿ," ಎಂದು ನನ್ನ ಕಾರ್ಡು ಅವರ ಕೈಗೆ ಕೊಟ್ಟೆ. ಕೊಟ್ಟ ಮೇಲೆ, ಕಣ್ಣಿಲ್ಲದವರಿಗೆ ಕಾರ್ಡು ಕೊಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ಚಿಮ್ಮಿದರು.

"ದಪ್ಪ ಐತಿ. ಆದ್ರ ಥಂಡಿ ಹಿಡದೈತಿ. ಮಳಿಗಾಲದಾಗ ಮಾಡಿಸಿದ್ರೇನು?"

ಜುಲೈನಲ್ಲಿ ಮಾಡಿಸಿದ್ದೆ. ಕಾಗದವನ್ನು ಹೀಗೆ ಚಿಮ್ಮಿ ಸದ್ದು ಕೇಳುವುದನ್ನು ನಮ್ಮ ಅಪ್ಪ ಮಾಡುತ್ತಿದ್ದರು. ನಾನು ಡಬ್ಬಿಯ ಮೇಲಿನ ಜಿಎಸ್‌ಎಂ, ಅಂದರೆ ಕಾಗದದ ತೂಕ, ಓದಿ ಸುಮ್ಮನಾಗುವವನು.

ಗದಗ-ಬೆಟಗೇರಿ ಎಂದರೆ ಹೊರಗಿನವರಿಗೆ ಮಗ್ಗ ಮತ್ತು ಮುದ್ರಣ. ಅಪ್ಪ ಕಾಲಿನಿಂದ ತುಳಿದು ನಡೆಸುವ ಒಂದು ಟ್ರೆಡಲ್ ಮಷೀನು, ನಾಲ್ಕು ಕೇಸು ಅಚ್ಚುಮೊಳೆಯಿಂದ ಆರಂಭಿಸಿದವರು. ನನ್ನ ಕಾಲಕ್ಕೆ 15x20 ಇಂಚಿನ ಮಿನಿ ಆಫ್‌ಸೆಟ್ ಬಂತು. ಟ್ರೆಡಲ್ ಮೂಲೆ ಸೇರಿ ಅದರ ಮೇಲೆ ಊಟದ ಡಬ್ಬಿ ಇಡುವ ರೂಢಿಯಾಯಿತು. 2020ರ ಮಾರ್ಚ್‌ವರೆಗೆ ಒಂದು ಲಗ್ನಕ್ಕೆ ಸಾವಿರ ಪತ್ರಿಕೆ ಹೊಡೆಯುತ್ತಿದ್ದೆವು. ಲಾಕ್‌ಡೌನಿನಲ್ಲಿ ಮದುವೆಗಳು ಐವತ್ತು ಜನಕ್ಕೆ ಇಳಿದವು. ನಿರ್ಬಂಧ ಹೋದ ಮೇಲೂ ಪತ್ರಿಕೆಗಳು ಮಾತ್ರ ಸಾವಿರಕ್ಕೆ ಮರಳಲಿಲ್ಲ. ಜನರಿಗೆ ವಾಟ್ಸಾಪಿನಲ್ಲಿ ಕರೆಯುವುದು ರೂಢಿಯಾಗಿ, 250 ಹೊಡೆಸಿದರೆ ಅದೇ ದೊಡ್ಡದು.

ಆಗ ನನ್ನ ತಲೆಯಲ್ಲಿದ್ದ ಉಪಾಯ ಒಂದೇ, ಸಾಲ ಮಾಡಿ ನಾಲ್ಕು ಬಣ್ಣದ ಮಷೀನು ತರುವುದು. ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ 'ಉದ್ಯಮಿಗಳಿಗೆ ಸೃಜನಶೀಲತೆ' ಎಂಬ ಒಂದು ದಿನದ ತರಬೇತಿಗೂ ದುಡ್ಡು ಕಟ್ಟಿ ಹೋಗಿದ್ದೆ. ಬಣ್ಣದ ಚೀಟಿಗಳ ಮೇಲೆ ಮನಸ್ಸಿಗೆ ಬಂದದ್ದು ಬರೆದು ಗೋಡೆಗೆ ಅಂಟಿಸಿ ಎಂದರು, ಚೌಕಟ್ಟು ಮುರಿಯಿರಿ ಎಂದರು. ಮಧ್ಯಾಹ್ನದ ಊಟ ಚೆನ್ನಾಗಿತ್ತು. ಊರಿಗೆ ಬಂದು ನೋಡಿದರೆ ಮುರಿಯಲು ನನ್ನ ಹತ್ತಿರ ಚೌಕಟ್ಟೇ ಇರಲಿಲ್ಲ.

ತಬಲಾದ ಮೊದಲ ಐದಾರು ತಿಂಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬೆರಳು ಬಾತವು. ಉಂಗುರದ ಬೆರಳನ್ನು ನಡುವಿನ ಕಪ್ಪು ವರ್ತುಲದ ಅಂಚಿಗೆ ಊರಿ ತೋರುಬೆರಳಿನಿಂದ ಕಿನಾರದ, ಅಂದರೆ ಚರ್ಮದ ಹೊರ ಅಂಚಿನ, ಮೇಲೆ ಹೊಡೆದರೆ 'ನಾ' ಬರಬೇಕು. ನನಗೆ ಬರುತ್ತಿದ್ದದ್ದು ಹಲಗೆಗೆ ಹೊಡೆದ ಸದ್ದು. ಎಡಗೈ ಪಕ್ಕದ ದೊಡ್ಡ ಡಗ್ಗಾದ ಮೇಲೆ 'ಗೆ' ಎಂದರೆ ಬಲಗೈ ಮರೆಯುತ್ತಿತ್ತು, ಎರಡೂ ಸೇರಿ 'ಧಾ' ಆಗಲು ಒಂದು ತಿಂಗಳು ಬೇಕಾಯಿತು. ಮನೆಯಲ್ಲಿ ಬಾರಿಸಿದರೆ ಮಗ ಕಿವಿ ಮುಚ್ಚಿಕೊಳ್ಳುತ್ತಿದ್ದುದರಿಂದ ರಾತ್ರಿ ಪ್ರೆಸ್ಸಿನ ಶಟರ್ ಇಳಿಸಿ, ರೀಮುಗಳ ನಡುವೆ ಕೂತು ಬಾರಿಸುತ್ತಿದ್ದೆ.

ಅಲ್ಲಿ ಕೂತಾಗಲೇ ಒಂದು ಪದ ತಲೆಗೆ ಹತ್ತಿತು. ತಬಲಾದ ಮೇಲಿನ ಕಪ್ಪು ವರ್ತುಲಕ್ಕೂ ಶಾಯಿ ಎನ್ನುತ್ತಾರೆ, ನಾನು ಡಬ್ಬಿಗಟ್ಟಲೆ ಕೊಳ್ಳುವ ಮಸಿಗೂ ಶಾಯಿ. ತಬಲಾದ ಶಾಯಿಯೆಂದರೆ ಕಬ್ಬಿಣದ ಪುಡಿ ಬೆರೆಸಿದ ಅಂಟು. ಅದನ್ನು ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ತಿಕ್ಕುತ್ತಾರೆ. ತಿಕ್ಕಿ ತಿಕ್ಕಿ ಅದರಲ್ಲಿ ಕಾಣದಂಥ ಸೀಳುಗಳು ಮೂಡಿದಾಗಲೇ ಅದಕ್ಕೆ ನಾದ. ಒಡೆಯದ ಶಾಯಿ ಮೂಕ. ಮಳೆಗಾಲದಲ್ಲಿ ಚರ್ಮ ಇಳಿದು ತಬಲಾ ಬೇಸೂರ ಆಗುತ್ತದೆ, ಅದೇ ವಾರ ನನ್ನ ಗೋದಾಮಿನ ಕಾಗದವೂ ಅಂಚು ಎತ್ತಿ ಮಷೀನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆ ಹಿಡಿದು ತಬಲಾದ ಪಕ್ಕದ ಮರದ ಗಟ್ಟಿಗಳನ್ನು ಬಡಿದು ಸ್ವರ ಏರಿಸುವಾಗಲೆಲ್ಲ ನಾಳೆ ಯಾವ ರೀಮು ಮೊದಲು ಬಿಚ್ಚಬೇಕೆಂದು ಯೋಚಿಸುವ ಚಾಳಿ ಅಲ್ಲಿಂದ ಹತ್ತಿತು.

ಏಳನೆಯ ತಿಂಗಳಿಗೆ ಮೊದಲ ಕಾಯದಾ ಕೊಟ್ಟರು. ದಿಲ್ಲಿ ಬಾಜಿನದು, ಅಂದರೆ ದಿಲ್ಲಿಯ ಬಾರಿಸುವ ಶೈಲಿಯದು, ತಬಲಾ ಹಿಡಿದವರಲ್ಲಿ ಬಹಳ ಮಂದಿ ಕಲಿಯುವುದೇ ಇದು:

ಧಾ ಧಾ ತಿ ಟ ಧಾ ಧಾ ತೂ ನಾ
ತಾ ತಾ ತಿ ಟ ಧಾ ಧಾ ಧಿ ನಾ

ಕಾಯದಾ ಎಂದರೆ ನಮ್ಮ ಕಾಯ್ದೆಯೇ. ನಿಯಮ ಏನೆಂದರೆ, ಇದರಲ್ಲಿರುವ ಬೋಲುಗಳನ್ನೇ, ಅಂದರೆ ಹೊಡೆತಗಳ ಹೆಸರುಗಳನ್ನೇ, ಹಿಂದೆಮುಂದೆ ಮಾಡಿ, ಮಡಿಸಿ, ಮತ್ತೆ ಮತ್ತೆ ಹೇಳಿ ಹೊಸ ಸಾಲು ಕಟ್ಟಬೇಕು. ಅದಕ್ಕೆ ಪಲ್ಟಾ ಎನ್ನುತ್ತಾರೆ. ಧಾಧಾತಿಟ ಧಾಧಾತಿಟ ಧಾಧಾತಿಟ ಧಾಧಾತೂನಾ, ಇದು ಮೊದಲ ಪಲ್ಟಾ. ಆಮೇಲೆ ನೀವೇ ಮಾಡಿಕೊಂಡು ಬನ್ನಿ ಎಂದರು.

ನಾನು ಎರಡು ದಿನದಲ್ಲಿ ಐದು ಮಾಡಿದೆ. ಆರನೆಯದು ಹೊಳೆಯಲಿಲ್ಲ. ಯೂಟ್ಯೂಬಿನಲ್ಲಿ ದೊಡ್ಡವರೊಬ್ಬರ ಸೋಲೋ ನೋಡಿ ಒಂದು 'ತಿರಕಿಟ' ಎತ್ತಿ ತಂದು ನಡುವೆ ಸೇರಿಸಿದೆ. ಕೇಳಲು ಭರ್ಜರಿಯಾಗಿತ್ತು. ಮಾಸ್ತರರು ಕೈ ಎತ್ತಿದರು.

"ಇದು ಎಲ್ಲಿಂದ ಬಂತ್ರಿ?"

"ಛಲೋ ಅನಸ್ತು, ಹಾಕಿದೆ ಮಾಸ್ತರ."

"ಛಲೋ ಐತಿ. ಆದ್ರ ನಿಮ್ಮ ಮನ್ಯಾಗಿಂದಲ್ಲ ಅದು. ಮನ್ಯಾಗ ಇದ್ದ ಕಾಳಾಗ ಅಡಗಿ ಮಾಡ್ರಿ ಅಂದ್ರ ಬಾಜೂ ಮನಿಯಿಂದ ಕಾಯಿಪಲ್ಯ ಇಸ್ಕೊಂಡು ಬಂದೀರಿ. ಹೊರಗಿಂದು ತರೂದು ಸಸಾರ. ತಿಟಾನ ಎಷ್ಟು ಕಡಿಯಿಂದ ತಿರುವಿ ನೋಡೀರಿ?"

ನಾಲ್ಕು ಕಡೆಯಿಂದಲೂ ನೋಡಿರಲಿಲ್ಲ. ಆ ವಾರ ಕೂತು ನೋಡಿದೆ. 'ತಿಟ'ವನ್ನು ಸಾಲಿನ ಮೊದಲಿಗೆ ತಂದರೆ ಒಂದು ಬಗೆ, ಒಂದು ಧಾ ಕಳಚಿದರೆ ಇನ್ನೊಂದು, ಮೂರು ಅಕ್ಷರದ ಗುಂಪು ಮಾಡಿ ನಾಲ್ಕರ ನಡಿಗೆಯ ಮೇಲೆ ಓಡಿಸಿದರೆ ಸಾಲಿಗೆ ಸಾಲೇ ಓರೆಯಾಗಿ ನಡೆಯುತ್ತದೆ. ತಿಂಗಳ ಕೊನೆಗೆ ನನ್ನ ನೋಟ್‌ಬುಕ್ಕಿನಲ್ಲಿ 31 ಪಲ್ಟಾ ಇದ್ದವು. ಹತ್ತು ದಂಡ, ಇಪ್ಪತ್ತು ಸುಮಾರು, ಒಂದನ್ನು ಕೇಳಿ ಮಾಸ್ತರರು ಎರಡನೆಯ ಸಲ ಬಾರಿಸಲು ಹೇಳಿದರು. ಅವರಿಂದ ಸಿಗುವ ಶಾಭಾಷಿ ಅಷ್ಟೇ.

ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ರಾತ್ರಿ ಪ್ರೆಸ್ಸಿನ ಬೋಲುಗಳನ್ನು ಬರೆದೆ. ಒಂದು ಮಿನಿ ಆಫ್‌ಸೆಟ್. ಒಂದು ಕಟಿಂಗ್ ಮಷೀನು. ನಂಬರಿಂಗ್, ಪರ್ಫೊರೇಶನ್. ಮೂಲೆಯ ಟ್ರೆಡಲ್. ವಾರಕ್ಕೆ ಎರಡು ದಿನ ಸುಮ್ಮನೆ ಬಂದು ಚಹಾ ಕುಡಿದು ಹೋಗುವ ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದ ನಮ್ಮ ಹಳೆಯ ಕಂಪೋಜಿಟರ್ ಕಾಕಾ. ಗೋದಾಮಿನಲ್ಲಿ ಕಾಗದದ ಪಟ್ಟಿಗಳ ರಾಶಿ, ತಿಂಗಳಿಗೊಮ್ಮೆ ರದ್ದಿಗೆ ಹಾಕುವಂಥವು. ನಾಲ್ಕು ಬಣ್ಣದ ಮಷೀನು ಈ ಪಟ್ಟಿಯಲ್ಲಿರಲಿಲ್ಲ. ಅದು ಬಾಜೂ ಮನೆಯ ಕಾಯಿಪಲ್ಯ. ಅದಿಲ್ಲದೆ ಎಷ್ಟು ಪಲ್ಟಾ ಆಗುತ್ತವೋ ನೋಡೋಣ ಎಂದುಕೊಂಡೆ.

ಮೊದಲು ಕಣ್ಣಿಗೆ ಬಿದ್ದದ್ದು ಪಟ್ಟಿಗಳು. 15x20 ಹಾಳೆಯಲ್ಲಿ ಆರೂವರೆಗೆ ಒಂಬತ್ತು ಇಂಚಿನ ಪತ್ರಿಕೆ ನಾಲ್ಕು ಕೂಡುತ್ತವೆ. ಹದಿನೈದರಲ್ಲಿ ಹದಿಮೂರು ಇಂಚು ಪತ್ರಿಕೆಗೆ ಹೋಯಿತು, ಅರ್ಧ ಇಂಚು ಮಷೀನಿನ ಗ್ರಿಪ್ಪರ್ ಹಾಳೆಯನ್ನು ಹಿಡಿಯಲು ಬೇಕು, ಕೊನೆಗೆ ಒಂದೂವರೆ ಇಂಚಿನ ಪಟ್ಟಿ ಇಪ್ಪತ್ತು ಇಂಚು ಉದ್ದಕ್ಕೂ ಉಳಿಯುತ್ತದೆ. ಇಪ್ಪತ್ತು ವರ್ಷ ಅದನ್ನು ಕತ್ತರಿಸಿ ಬಿಸಾಡಿದ್ದೇನೆ. ಅಲ್ಲಿ ಮೂರೂಕಾಲು ಇಂಚಿನ ಆರು ಚೀಟಿ ಹಿಡಿಸುತ್ತವೆ. ಅದೇ ಪ್ಲೇಟು, ಅದೇ ಹೊಡೆತ, ಅದೇ ಶಾಯಿ. ಜನ ಲಗ್ನಕ್ಕೆ ವಾಟ್ಸಾಪಿನಲ್ಲಿ ಕರೆಯಬಹುದು, ತಾಂಬೂಲದ ಚೀಲವನ್ನು ಮಾತ್ರ ಕೈಯಿಂದಲೇ ಕೊಡಬೇಕಲ್ಲ. ಚೀಲಕ್ಕೆ ಕಟ್ಟುವ, ವಧೂವರರ ಹೆಸರಿನ ಚೀಟಿ. 250 ಪತ್ರಿಕೆಗೆ 63 ಹಾಳೆ, 63 ಹಾಳೆಗೆ 378 ಚೀಟಿ. ಮೊದಲ ನಾಲ್ಕು ಲಗ್ನಕ್ಕೆ ಪುಕ್ಕಟೆ ಕೊಟ್ಟೆ. ಐದನೆಯವರು ತಾವಾಗಿಯೇ ಕೇಳಿಕೊಂಡು ಬಂದರು, ಅವರಿಗೆ ಬೆಲೆ ಹೇಳಿದೆ.

ದೊಡ್ಡ ದುಡ್ಡಲ್ಲ ಇದು. ಆದರೆ ನಾನು ಹಾಳೆಯನ್ನು ನೋಡುವ ರೀತಿ ಬದಲಾಯಿತು. ಅದುವರೆಗೆ ಪತ್ರಿಕೆ ಎಲ್ಲಿ ಕೂಡುತ್ತದೆ ಎಂದು ನೋಡುತ್ತಿದ್ದೆ, ಈಗ ಪತ್ರಿಕೆ ಕೂತ ಮೇಲೆ ಏನು ಉಳಿಯಿತು ಎಂದು ನೋಡುತ್ತೇನೆ.

ಆಷಾಢದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ತೀನ್‌ತಾಲ್ ಎಂಬ ತಾಳದ ಹದಿನಾರು ಮಾತ್ರೆಗಳಲ್ಲಿ, ಅಂದರೆ ಎಣಿಕೆಗಳಲ್ಲಿ, ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಚಪ್ಪಾಳೆಯಿಲ್ಲ, ಕೈ ಬೀಸಿ ತೋರಿಸುವುದು. ಅದರ ಹೆಸರೇ ಖಾಲಿ. ಅಲ್ಲಿ ಡಗ್ಗಾದ ಗುಂಯ್‌ಕಾರ ನಿಂತುಹೋಗುತ್ತದೆ, ಆ ಇಲ್ಲದಿರುವಿಕೆಯಿಂದಲೇ ಬಾರಿಸುವವನಿಗೆ ತಾನು ಎಲ್ಲಿದ್ದೇನೆ ಎಂಬುದು ತಿಳಿಯುತ್ತದೆ. ಮಷೀನು ಖಾಲಿ ನಿಂತರೆ ಅಪ್ಪನಿಗೆ ಜ್ವರ ಬರುತ್ತಿತ್ತು. ನನಗೂ ಆಷಾಢವೆಂದರೆ ಎದೆ ಒಡೆಯುವ ತಿಂಗಳು, ಲಗ್ನಗಳೇ ಇಲ್ಲ. ಸುಮ್ಮನಿರಲಾರದೆ ಅರ್ಧ ದರಕ್ಕೆ ಸಿಕ್ಕಸಿಕ್ಕ ಕೆಲಸ ಹಿಡಿದು ಕೈ ಸುಟ್ಟುಕೊಳ್ಳುತ್ತಿದ್ದೆ. ಈಗ ಆಷಾಢದಲ್ಲಿ ರೋಲರು ತೆಗೆದು ತೊಳೆಯುತ್ತೇವೆ, ಹೊಸ ನಮೂನೆ ಮಾಡಿಡುತ್ತೇವೆ, ಹುಡುಗರಿಗೆ ರಜೆ ಕೊಡುತ್ತೇನೆ.

ನನಗೆ ಎಲ್ಲಕ್ಕಿಂತ ಹುಚ್ಚು ಹಿಡಿಸಿದ್ದು ತಿಹಾಯಿ. ಒಂದು ತುಣುಕನ್ನು ಮೂರು ಸಲ ಬಾರಿಸಬೇಕು, ಮೂರನೆಯದರ ಕೊನೆಯ ಧಾ ಸರಿಯಾಗಿ ಸಮ್‌ಗೆ, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆಗೆ ಬೀಳಬೇಕು. ಕೇಳುವವರಿಗೆ ಅದು ಮಿಂಚು, ಬಾರಿಸುವವನಿಗೆ ಶುದ್ಧ ಲೆಕ್ಕ. 'ತಿಟ ಕತ ಗದಿ ಗನ ಧಾ' ಎಂಬ ತುಣುಕಿಗೆ ಐದು ಮಾತ್ರೆ. ಮೂರು ಸಲ ಹದಿನೈದು. ನಡುವೆ ಒಂದೊಂದು ಮಾತ್ರೆಯ ಬಿಡುವು ಎರಡು ಸಲ. ಒಟ್ಟು ಹದಿನೇಳು. ಸಮ್‌ನಿಂದ ಎತ್ತಿಕೊಂಡರೆ ಹದಿನೇಳನೆಯದು ಮುಂದಿನ ಸಮ್. ಬಿಡುವೇ ಇಲ್ಲದಿದ್ದರೆ ಮೂರನೆಯ ಮಾತ್ರೆಯಿಂದ ಎತ್ತಬೇಕು. ಬಿಡುವನ್ನು ಎರಡೆರಡು ಮಾಡಿದರೆ ಹಿಂದಿನ ಆವರ್ತನದ ಹದಿನೈದರಿಂದಲೇ ಎತ್ತಬೇಕು. ಬಿಡುವಿದ್ದದ್ದು ದಮ್‌ದಾರ್, ಇಲ್ಲದ್ದು ಬೇದಮ್. ದಮ್ಮೆಂದರೆ ಉಸಿರು.

ನಾನು ಮೊದಲಿಂದ ಎಣಿಸಿಕೊಂಡು ಹೋಗಿ ಪ್ರತಿ ಸಲ ಒಂದು ಮಾತ್ರೆ ಆಚೆಗೋ ಈಚೆಗೋ ಬೀಳುತ್ತಿದ್ದೆ. "ಸುರು ಮಾಡೂ ಜಾಗಾ ಹುಡುಕಬ್ಯಾಡ್ರಿ," ಎಂದರು ಮಾಸ್ತರರು. "ಬಂದು ಬೀಳೂ ಜಾಗಾ ಹಿಡೀರಿ. ಅಲ್ಲಿಂದ ಹಿಂದಕ್ಕ ಬರ್ರಿ."

2023ರ ಬೇಸಿಗೆಯಲ್ಲಿ ಇದು ಪ್ರೆಸ್ಸಿಗೆ ಬಂತು. ಮೇ 10ಕ್ಕೆ ವಿಧಾನಸಭೆಯ ಮತದಾನ. ಅದಕ್ಕೆ ಮುಂಚಿನ ಒಂದು ತಿಂಗಳು ಹಗಲು ರಾತ್ರಿ ಚುನಾವಣೆಯ ಹ್ಯಾಂಡ್‌ಬಿಲ್ಲು. ಪ್ರತಿಯೊಂದರ ಮೇಲೂ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಪ್ರತಿಗಳನ್ನು ಜಿಲ್ಲಾಧಿಕಾರಿ ಕಚೇರಿಗೆ ಕಳಿಸಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಅದು, ನಮ್ಮ ಧಂದೆಯವರಿಗೆ ಬಾಯಿಪಾಠ. ಆ ಗದ್ದಲದ ನಡುವೆಯೇ ಮೂರು ಶಾಲೆಗಳ ಡೈರಿ ಕೆಲಸ ಒಪ್ಪಿಕೊಂಡುಬಿಟ್ಟಿದ್ದೆ. ಕೊನೆಯ ಶಾಲೆಗೆ ಜೂನ್ 1ರಂದು ಕೈಗೆ ಬೇಕು.

ಹಿಂದಿನ ವರ್ಷಗಳಲ್ಲಿ ಇಂಥ ಕೆಲಸ ಬಂದರೆ ಮೂರನ್ನೂ ಒಟ್ಟಿಗೆ ಶುರು ಮಾಡುತ್ತಿದ್ದೆ. ಎಲ್ಲರಿಗೂ "ನಡದೈತ್ರಿ" ಎಂದು ಹೇಳಲು ಅನುಕೂಲ. ಒಂದರ ರಕ್ಷಾಪುಟ ಇನ್ನೊಂದರ ಹಾಳೆಗಳ ಕೆಳಗೆ ಸಿಕ್ಕಿ, ಮೂರೂ ತಡವಾಗಿ, ಮೂರೂ ಕಡೆ ಬೈಗುಳ.

ಈ ಸಲ ಕ್ಯಾಲೆಂಡರು ಎದುರಿಗಿಟ್ಟುಕೊಂಡು ಜೂನ್ 1ರ ಮೇಲೆ ಬೆರಳಿಟ್ಟೆ. ಒಂದು ಶಾಲೆಗೆ ಎಷ್ಟು ದಿನ? ಪ್ಲೇಟಿಗೆ ಒಂದು, ಮುದ್ರಣಕ್ಕೆ ಒಂದು, ಮಡಿಕೆಗೆ ಒಂದು, ಬೈಂಡಿಂಗಿಗೆ ಒಂದು, ಐದನೆಯ ದಿನ ಗಾಡಿಗೆ ಹೇರಿ ಮುಟ್ಟಿಸುವುದು. ತಿಟ, ಕತ, ಗದಿ, ಗನ, ಧಾ. ನಡುವೆ ಒಂದೊಂದು ದಿನ ದಮ್ಮು. ಜೂನ್ 1ರಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಹದಿನೇಳನೆಯ ದಿನ ಮೇ 16. ಮೇ 16ರಿಂದ 31ರವರೆಗೆ ಸರಿಯಾಗಿ ಹದಿನಾರು ದಿನ. ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಬೈಂಡಿಂಗ್ ಹುಡುಗ ನನ್ನನ್ನು ನೋಡಿ ಏನೆಂದುಕೊಂಡನೋ.

ಮೊದಲ ಶಾಲೆ 20ಕ್ಕೆ ಹೋಯಿತು. 21 ಭಾನುವಾರ, ದಮ್ಮು. ಎರಡನೆಯದು 26ಕ್ಕೆ ಹೋಗಬೇಕು. 25ರ ಮಧ್ಯಾಹ್ನ ಗಾಳಿಮಳೆಗೆ ಕರೆಂಟು ಹೋದದ್ದು ರಾತ್ರಿಯವರೆಗೆ ಬರಲಿಲ್ಲ. ಹಳೆಯ ನಾನಾಗಿದ್ದರೆ ಅಲ್ಲಿಂದ ಓಟ ಶುರುವಾಗುತ್ತಿತ್ತು. 27 ಖಾಲಿ ಇತ್ತು. ಅದು ಆ ಏಟು ನುಂಗಿಕೊಂಡಿತು. 28ಕ್ಕೆ ಮೂರನೆಯದರ ಪ್ಲೇಟು ಮಷೀನಿಗೆ ಏರಿತ್ತು.

ಜೂನ್ 1, ಗುರುವಾರ ಬೆಳಿಗ್ಗೆ ಡೈರಿಗಳನ್ನು ಶಾಲೆಯ ವರಾಂಡದಲ್ಲಿ ಇಳಿಸಿ ಎದೆಯುಬ್ಬಿಸಿ ನಿಂತೆ. ಸಮ್‌ಗೆ ಬಿದ್ದಿದ್ದೇನೆ! ಟೀಚರ್ ಬಾಯಾರು ಹೊರಗೆ ಬಂದು ನೋಡಿ, "ಅಯ್ಯ, ಇಷ್ಟ್ ಲಗೂ ತಂದ್ರೇನು? ಸೋಮವಾರ ಕೊಟ್ಟಿದ್ರೂ ನಡೀತಿತ್ತಲ್ರಿ," ಎಂದರು.

ಈ ಹುಮ್ಮಸ್ಸಿನಲ್ಲಿ ಒಂದು ಕಡೆ ಮುಗ್ಗರಿಸಿದ್ದನ್ನೂ ಹೇಳಬೇಕು. ಆ ವರ್ಷ ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ದಿನವೂ ವಚನಗಾಯನ. ತಬಲಾದವರು ಬರಲಿಲ್ಲವೆಂದು ಒಂದು ಸಂಜೆ ನನ್ನನ್ನು ಕೂರಿಸಿದರು. ಹಾಡುವವರು ವಯಸ್ಸಾದ ಅಕ್ಕ ಒಬ್ಬರು. ಕೆಹರವಾ ತಾಳ, ಎಂಟೇ ಮಾತ್ರೆ. ಸುಮ್ಮನೆ ಠೇಕಾ, ಅಂದರೆ ತಾಳದ ಮೂಲ ನಡಿಗೆ, ಹಿಡಿದಿದ್ದರೆ ಮುಗಿಯುತ್ತಿತ್ತು. ನನಗೆ ಕಲಿತದ್ದನ್ನೆಲ್ಲ ತೋರಿಸುವ ತುರಿಕೆ. ಅವರು ಸಾಲಿನ ಕೊನೆಯಲ್ಲಿ ಸ್ವರ ಹಿಡಿದು ನಿಂತಾಗಲೆಲ್ಲ ನಾನು ಒಂದು ತಿಹಾಯಿ ತುರುಕಿದೆ. ಮೂರನೆಯ ಸಲಕ್ಕೆ ಅವರು ಹಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ತಮ್ಮಾ, ನೀ ಬಾರಸೂದು ಮುಗೀಲಿ. ಆಮ್ಯಾಲ ನಾ ಹಾಡ್ತೀನಿ."

ಗುಡಿಯಲ್ಲಿ ನಗು. ಮನೆಗೆ ಬಂದರೂ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಅದೇ ವಾರ ಪ್ರೆಸ್ಸಿನಲ್ಲೂ ಅದನ್ನೇ ಮಾಡಿದ್ದೆ. ಒಬ್ಬರು ತೀರಿಕೊಂಡ ತಮ್ಮ ತಂದೆಯ ಶಿವಗಣಾರಾಧನೆಯ ಪತ್ರಿಕೆಗೆ ಬಂದಿದ್ದರು. ಬರೀ ಕಪ್ಪಿನಲ್ಲಿ ಸಾದಾ ಮಾಡಿ ಎಂದಿದ್ದರು. ನನಗೆ ಸುತ್ತಲೂ ಚಿನ್ನದ ಎಳೆ ಹಾಕಿದರೆ ಹೊಸ ಬಗೆಯಾಗುತ್ತದೆ ಎನಿಸಿ, ಕೇಳದೆಯೇ ಕೈಯಿಂದ ದುಡ್ಡು ಹಾಕಿ ಮಾಡಿಸಿದೆ. ಅವರು ಕಟ್ಟು ಬಿಚ್ಚಿ ನೋಡಿ ಏನೂ ಅನ್ನಲಿಲ್ಲ. ದುಡ್ಡು ಎಣಿಸಿ ಕೊಟ್ಟರು, ಪತ್ರಿಕೆಗಳನ್ನು ಮೇಜಿನ ಮೇಲೇ ಬಿಟ್ಟು ಹೋದರು. ಮತ್ತೆ ಬಂದಿಲ್ಲ. ಮಾಸ್ತರರಿಗೆ ಎರಡೂ ಕಥೆ ಹೇಳಿದೆ. "ಸಾಥ್ ಅಂದ್ರ ಮುಂದಿನವರ ಉಸುರು ಕೇಳೂದು," ಎಂದು ಹೇಳಿ ಎರಡು ತಿಂಗಳು ನನಗೆ ಬರೀ ಠೇಕಾ ಬಾರಿಸಲು ಹಚ್ಚಿದರು. ತಿಹಾಯಿ ಬಂದ್.

ಇದೆಲ್ಲ ತಬಲಾದ ಮಹಿಮೆ ಎಂದರೆ ನಮ್ಮ ಲೆಕ್ಕ ಬರೆಯುವವರು ಒಪ್ಪುವುದಿಲ್ಲ. 2022ರಲ್ಲಿ ಏರಿದ್ದ ಕಾಗದದ ದರ ಮರುವರ್ಷ ಇಳಿಯಿತು, ಚುನಾವಣೆ ಬಂತು, ನೀವು ಸಾಲ ಮಾಡಲಿಲ್ಲ, ಅದಕ್ಕೇ ಉಳಿದೀರಿ ಎನ್ನುತ್ತಾರೆ. ಇರಬಹುದು. ಸಾಲ ಯಾಕೆ ಮಾಡಲಿಲ್ಲ ಎಂಬುದನ್ನು ಅವರು ಕೇಳುವುದಿಲ್ಲ, ನಾನೂ ಹೇಳಲು ಹೋಗುವುದಿಲ್ಲ.

ಕಳೆದ ವರ್ಷ ಮಾಘ ಮಾಸದಲ್ಲಿ ಮಾಸ್ತರರ ಮಗಳ ಲಗ್ನ ಗೊತ್ತಾಯಿತು. ಪತ್ರಿಕೆ ನಾನೇ ಮಾಡುವುದೆಂದು ಮೊದಲೇ ಹೇಳಿದ್ದೆ. ಕಾಗದದ ನಮೂನೆಗಳನ್ನು ಒಂದೊಂದಾಗಿ ಚಿಮ್ಮಿ ಕೇಳಿ ಒಂದನ್ನು ಆರಿಸಿದರು. ಆಮೇಲೆ ಸ್ವಲ್ಪ ತಡೆದು ಹೇಳಿದರು: "ಪ್ರೆಸ್ಸಿನವರ, ಆಶ್ರಮದಾಗ ನನ್ನ ಜೋಡಿ ಕಲತವರು ನಲವತ್ತು ಮಂದಿ ಅದಾರ. ಅವರು ಓದೂಹಂಗ ಒಂದು ನಲವತ್ತು ಆಗತಾವೇನು? ನಾನೂ ಓದಬೇಕಂತೀನಿ."

ಬ್ರೈಲ್. ನನಗೆ ಅದರ ಗಂಧಗಾಳಿಯಿಲ್ಲ. ಬೆಂಗಳೂರಿನಲ್ಲಿ ಮಾಡಿಸಿ ತರಿಸೋಣವೆಂದು ಫೋನು ಕೈಗೆತ್ತಿಕೊಂಡೆ, ಕಾಯಿಪಲ್ಯದ ನೆನಪಾಗಿ ಕೆಳಗಿಟ್ಟೆ. ನೋಟ್‌ಬುಕ್ಕಿನ ಆ ಹಿಂದಿನ ಪುಟ ತೆಗೆದೆ. ಮೂಲೆಯ ಟ್ರೆಡಲ್, ಕಂಪೋಜಿಟರ್ ಕಾಕಾ. ಇವೆರಡು ಬೋಲುಗಳನ್ನು ನಾನು ಒಂದು ಸಲವೂ ಬಾರಿಸಿರಲಿಲ್ಲ.

ಕಾಕಾನನ್ನು ಕರೆದುಕೊಂಡು ಮಾಸ್ತರರ ಮನೆಗೆ ಹೋದೆ. ಮಾಸ್ತರರು ವಿವರಿಸಿದರು: ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಚುಕ್ಕಿ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಲಿಪಿ, ಭಾರತಿ ಬ್ರೈಲ್, 1951ರಿಂದ. 'ಕಾ' ಬರೆಯಲು ಮೊದಲು ಕ, ಪಕ್ಕದಲ್ಲಿ ಆ. ಕೆಳಗೆ ಒತ್ತಕ್ಷರ ಕೊಡುವ ಮಾತೇ ಇಲ್ಲ. ನಲವತ್ತು ವರ್ಷ ಗುಣಿತಕ್ಕೊಂದು, ಒತ್ತಿಗೊಂದು ಎಂದು ನೂರಾರು ಮೊಳೆಗಳ ಮನೆಯಲ್ಲಿ ಕೈಯಾಡಿಸಿದ್ದ ಕಾಕಾ ಬಾಯಿ ತೆರೆದು ಕೂತ. "ಆರ ಚುಕ್ಕ್ಯಾಗ ಇಡೀ ಕನ್ನಡ ಮುಗೀತೇನ್ರಿ?" ಎಂದು ಎರಡು ಸಲ ಕೇಳಿದ.

ಚುಕ್ಕಿಗೆ ಏನು ಮಾಡುವುದು? ಕೇಸಿನಲ್ಲಿ ಪೂರ್ಣವಿರಾಮದ ಮೊಳೆಗಳು ಬೇಕಾದಷ್ಟಿದ್ದವು. ಚುಕ್ಕಿಯಿಂದ ಚುಕ್ಕಿಗೆ ಎರಡೂವರೆ ಮಿಲಿಮೀಟರು ಅಂತರ, ಕಾಕಾನ ಅಚ್ಚಿನ ಅಳತೆಯಲ್ಲಿ ಏಳು ಪಾಯಿಂಟು. ನಡುವೆ ಸ್ಪೇಸು ಹಾಕಿ ಜೋಡಿಸಿದ. ಮೊದಲ ಹೊಡೆತಕ್ಕೆ ಕಾಗದ ತೂತಾಯಿತು. ಮೊಳೆಗಳ ಮೊನೆಯನ್ನು ಪಾಲಿಶ್ ಕಾಗದಕ್ಕೆ ತಿಕ್ಕಿ ದುಂಡಗೆ ಮಾಡಿದೆವು. ಹಿಂದೆ ಒತ್ತು ಕೊಡಲು ಆಫ್‌ಸೆಟ್ಟಿನ ಸವೆದ ರಬ್ಬರ್ ಬ್ಲಾಂಕೆಟ್ ಕತ್ತರಿಸಿ ಹಾಕಿದೆವು. ಚುಕ್ಕಿ ಎದ್ದಿತು. ಹದಿನಾರು ವರ್ಷದ ಮೇಲೆ ಟ್ರೆಡಲ್ 'ಖಟ್-ಧಡ್' ಎಂದು ನಡೆಯುವುದನ್ನು ಕೇಳಿ ಮಗ ಒಳಗಿನಿಂದ ಓಡಿ ಬಂದ, "ಅಪ್ಪಾ, ಇದು ಕೆಹರವಾ ಅಲ್ಲೇನು?" ಎಂದ. ಅವನು ಆಗಲೇ ಒಂದು ವರ್ಷದಿಂದ ಕ್ಲಾಸಿಗೆ ಹೋಗುತ್ತಿದ್ದ, ನಾನು ಎಬ್ಬಿಸದೆಯೇ.

ಮೊದಲ ಪ್ರತಿ ಮಾಸ್ತರರ ಕೈಗೆ ಕೊಟ್ಟೆವು. ಬೆರಳು ಹೋಯಿತು, ನಿಂತಿತು, ಮತ್ತೆ ಹೋಯಿತು. ಅವರಿಗೆ ನಗು ತಡೆಯಲಾಗಲಿಲ್ಲ. ಎಡದ ಚುಕ್ಕಿಗಳೆಲ್ಲ ಬಲಕ್ಕೆ, ಬಲದವೆಲ್ಲ ಎಡಕ್ಕೆ ಹೋಗಿದ್ದವು. ಕಾಕಾ ನಲವತ್ತು ವರ್ಷದ ರೂಢಿಯಲ್ಲಿ ಮೊಳೆಯನ್ನು ಕನ್ನಡಿಯಂತೆ ತಿರುವಿ ಜೋಡಿಸಿದ್ದ. ಶಾಯಿ ಹಚ್ಚುವ ಕೆಲಸಕ್ಕೆ ಅದು ಸರಿ. ಇಲ್ಲಿ ಮೊಳೆ ಒತ್ತುವುದು ಕಾಗದದ ಬೆನ್ನಿಗೆ, ಓದುವುದು ಆಚೆಯ ಮುಖದಲ್ಲಿ, ಆದ್ದರಿಂದ ನೆಟ್ಟಗೆ ಜೋಡಿಸಬೇಕಿತ್ತು. "ನಾವೂ ಬ್ರೈಲ್ ಸ್ಲೇಟಿನ್ಯಾಗ ಹಿಂದಿನಿಂದ ಚುಚ್ಚತೀವ್ರಿ, ಬಲಗಡಿಯಿಂದ ಎಡಕ್ಕ, ಉಲ್ಟಾ. ನೀವೂ ಉಲ್ಟಾ ಬರಿಯೂ ಮಂದಿನ ಅಂದ್ರಿ ಹಂಗಾರ," ಎಂದು ಮಾಸ್ತರರು ಕಾಕಾನ ಕೈ ಹುಡುಕಿ ಹಿಡಿದುಕೊಂಡರು. ಇಬ್ಬರೂ ಬಹಳ ಹೊತ್ತು ಏನೇನೋ ಮಾತಾಡಿದರು, ನಾನು ಹೊರಗೆ ಹೋಗಿ ಚಹಾ ಹೇಳಿ ಬಂದೆ.

ಎರಡು ದಿನ ಬಿಟ್ಟು ಮತ್ತೆ ಜೋಡಿಸಿ, ನಲವತ್ತು ಹೊಡೆದು, ಒಂದನ್ನು ತಂದೆವು. ಮಾಸ್ತರರು ಕಾಲು ಮಡಚಿ ಕೂತು, ಪತ್ರಿಕೆಯನ್ನು ತೊಡೆಯ ಮೇಲಿಟ್ಟು ಎಡದಿಂದ ಬಲಕ್ಕೆ ಬೆರಳು ಸರಿಸಿದರು. ಮಗಳ ಹೆಸರು ಬಂದಾಗ ನಿಂತರು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರು. ಮುಂದೆ ತಾರೀಖು, ಮುಹೂರ್ತ, ಕಲ್ಯಾಣಮಂಟಪ. ಕೊನೆಯ ಸಾಲಿನಲ್ಲಿ ಬೆರಳು ಒಂದು ಕಡೆ ಸುತ್ತು ಹಾಕಿತು.

"ಇಲ್ಲೊಂದು ಚುಕ್ಕಿ ಬಿದ್ದಿಲ್ಲ ನೋಡ್ರಿ ಕಾಕಾರ."

ಕಾಕಾ ಕನ್ನಡಕ ಏರಿಸಿ ಬಗ್ಗಿ ನೋಡಿದ. ನಿಜ, ಒಂದು ಮೊಳೆ ತಗ್ಗಿತ್ತು. ನಲವತ್ತನ್ನೂ ವಾಪಸ್ ಒಯ್ದು, ಆ ಒಂದು ಚುಕ್ಕಿಯನ್ನು ದಬ್ಬಣದ ಮೊನೆಯಿಂದ ಕೈಯಲ್ಲೇ ಎಬ್ಬಿಸೋಣವೆಂದು ಮಾತಾಡಿಕೊಂಡು ನಾವು ಏಳುತ್ತಿದ್ದೆವು. ಮಾಸ್ತರರು ಪತ್ರಿಕೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಹಾರ್ಮೋನಿಯಂ ಎಳೆದುಕೊಂಡು ತಬಲಾಕ್ಕೆ ಜೊತೆಯಾಗುವ ಲೆಹರಾ ಹಿಡಿದರು.

"ಎಲ್ಲಿಗೆ ಹೊಂಟ್ರಿ ಪ್ರೆಸ್ಸಿನವರ? ಕುಂದರ್ರಿ. ಮೂವತ್ತೆರಡನೇ ಪಲ್ಟಾ ಮಾಡ್ಕೊಂಡು ಬಂದೀರಿಲ್ಲೋ?"